ಬುಧವಾರ ನೆನೆಹಾಕಿದ್ದು

ಹನ್ನೊಂದು ವಾರ ನಾನು ಫೋನೆತ್ತಲಿಲ್ಲ.
ಗುರುವಾರ ಹತ್ತಕ್ಕೆ ಅದು ಹೊಡೆದುಕೊಳ್ಳುತ್ತಿತ್ತು
ಆರು ಸಲ. ಆಮೇಲೆ ಒಳಗಿಂದ ಒಂದು ಗಂಟಲು:
‘ಇಲ್ಲಿ ಯಾಲ್ಮಾರಿ. ಇವತ್ತು ಬಟಾಣಿ ಸಾರು.’
ಅಷ್ಟೇ.
ಹೇಗಿದ್ದೀ ಅನ್ನಲಿಲ್ಲ. ಮಾತ್ರೆ ತಗೊಂಡೆಯಾ ಅನ್ನಲಿಲ್ಲ.
ಅದನ್ನೆಲ್ಲ ಕೇಳಲು ಮನೆ ತುಂಬ ಜನವಿದ್ದರು.

ಕಾಯಾನಿಯಲ್ಲಿ ಡಿಸೆಂಬರ್ ಎಂದರೆ
ಹಗಲು, ಬಾಗಿಲವರೆಗೆ ಬಂದು
ಚಪ್ಪಲಿ ಬಿಡದೆ ಹಿಂದಿರುಗುವ ನೆಂಟ.
ನನಗದು ಅನುಕೂಲವೇ ಆಗಿತ್ತು.
ಇಪ್ಪತ್ತಮೂರಕ್ಕೇ ಪರದೆ ಎಳೆದು ಮಲಗಿದವಳು
ಹೊರಗೂ ಕತ್ತಲಿದ್ದರೆ
ಯಾರಿಗೂ ಉತ್ತರ ಕೊಡಬೇಕಾಗಿಲ್ಲ.
ತಲೆಯೊಳಗೊಬ್ಬ ಮಾತಾಡುತ್ತಿದ್ದ, ನನ್ನ ಹೆಸರು ಹಿಡಿಯದೆ,
‘ಅವಳು ಎದ್ದಳು, ಅವಳು ನೀರು ಕುಡಿದಳು’ ಎಂದು
ಐಸ್ ಹಾಕಿಗೆ ವೀಕ್ಷಕ ವಿವರಣೆ ಕೊಡುವವನ ಹಾಗೆ.

ಹನ್ನೆರಡನೆಯ ಗುರುವಾರ ಯಾಲ್ಮಾರಿ ಎಂದ:
‘ಇವತ್ತು ಬಟಾಣಿ ಸಾರು. ಉಪ್ಪು ಜಾಸ್ತಿಯಾಗಿದೆ.’
ಸ್ವಲ್ಪ ಸುಮ್ಮನಿದ್ದು,
‘ಬಹಳ ಜಾಸ್ತಿ.’

ಹೋದೆ. ಯಾಕೆಂದು ಈಗಲೂ ಕೇಳಬೇಡಿ.
ತಲೆಗೆ ನೀರು ಬಿದ್ದು ಎಷ್ಟು ದಿನವೋ,
ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ.
ರೈಲು ಹಳಿಯಾಚೆ, ಹಿಂದೆ ಗೋದಾಮಾಗಿದ್ದ ಹಳದಿ ಮನೆ.
ಒಳಗೆ ಹದಿನೈದು ಜನ, ಹೆಚ್ಚಿನವರು ನನ್ನ ವಯಸ್ಸಿನವರೇ.
ಒಬ್ಬ ಲೆಕ್ಕ ಬರೆಯುತ್ತಿದ್ದ,
ಒಬ್ಬಳು ಕಿಟಕಿಗೆ ಬಣ್ಣ ಬಳಿಯುತ್ತಿದ್ದಳು.
ಯಾರು ರೋಗಿ, ಯಾರು ಸಂಬಳದವರು,
ಕೊರಳಲ್ಲಿ ಚೀಟಿಯಿರಲಿಲ್ಲ.
ಯಾರೂ ಎದ್ದು ಸ್ವಾಗತಿಸಲಿಲ್ಲ, ಸದ್ಯ.
ಬೆಂಚಿನಲ್ಲೊಬ್ಬ ಸರಿದು ಕೂತ, ಅಷ್ಟು ಜಾಗವಾಯಿತು.
ಸಾಸಿವೆಯ ಬಾಟಲಿ ಮೇಜಿನ ಮೇಲೆ ನನ್ನತ್ತ ಜಾರಿ ಬಂತು.
ಸಾರು ನಿಜಕ್ಕೂ ಉಪ್ಪುಪ್ಪು.
ಎರಡು ಬಟ್ಟಲು ಉಂಡೆ.

‘ಬರುವ ವಾರ ಬಟಾಣಿ ನಿನ್ನ ಪಾಲು’ ಎಂದಳು ಮಾರ್ಕೆತ್ತಾ.
ಒಣ ಬಟಾಣಿ, ರಾತ್ರಿಯೇ ನೆನೆಹಾಕಬೇಕು.
ಅಂದರೆ ಬುಧವಾರ ಸಂಜೆ ನಿಂತುಕೊಂಡು
ಗುರುವಾರ ಒಂದಿದೆ ಎಂದು ಒಪ್ಪಿಕೊಳ್ಳಬೇಕು.
ಅಂಥದ್ದಕ್ಕೆಲ್ಲ ರುಜು ಹಾಕುವುದನ್ನು
ನಾನು ಬಿಟ್ಟು ಬಹಳ ದಿನವಾಗಿತ್ತು.

ಮೊದಲ ಸಲ ಅಳತೆ ತಪ್ಪಿತು.
ಬೆಳಗ್ಗೆ ಬಂದರೆ ಬಕೆಟ್ಟು ಉಕ್ಕಿ,
ನೆಲವೆಲ್ಲ ಹಸಿರು, ಒಲೆಯಡಿಗೂ ಉರುಳಿ.
‘ಅವಳು ಹಾಳು ಮಾಡಿದಳು’ ಎಂದ ಒಳಗಿನವ.
ಯಾಲ್ಮಾರಿ ಪೊರಕೆ ತಂದ. ಅವನಿಗೊಂದು, ನನಗೊಂದು.
ಒಳಗಿನವನಿಗೆ ಪೊರಕೆ ಉಳಿದಿರಲಿಲ್ಲ.
ಮೂರು ದಿನ ಎಲ್ಲರೂ ಬಟಾಣಿಯನ್ನೇ ತಿಂದರು,
ನಾಲ್ಕನೆಯ ದಿನ ಎನ್ಸಿಯೊ ಮನೆಯಿಂದ ಬ್ರೆಡ್ಡು ಕಟ್ಟಿಸಿಕೊಂಡು ಬಂದ.

ಅವನು ಹೋಗಿಲ್ಲ, ಒಳಗಿನವನು.
ಬಸ್ಸಿನಲ್ಲಿ ಜೊತೆಗೇ ಬರುತ್ತಾನೆ.
ಹೋಗುತ್ತಾನೆಂದು ಡಾಕ್ಟರೂ ಹೇಳಿಲ್ಲ.
ಈರುಳ್ಳಿ ಹೆಚ್ಚುವಾಗ ಮಾತ್ರ
ಅವನ ವಿವರಣೆ ಒಂದು ವಾಕ್ಯ ಹಿಂದೆ ಬೀಳುತ್ತದೆ,
ಅಷ್ಟರಲ್ಲಿ ನಾನು ಮುಂದಿನ ಈರುಳ್ಳಿಗೆ ಹೋಗಿರುತ್ತೇನೆ.

ಮಾರ್ಚಿನಲ್ಲಿ ಯಾಲ್ಮಾರಿ ಬರಲಿಲ್ಲ.
ಒಂದು ಗುರುವಾರ. ಇನ್ನೊಂದು.
ಅಂಚು ಒಡೆದ ಅವನ ಕಪ್ಪು ಮೊಳೆಯಲ್ಲೇ ಇತ್ತು.
ಬಾರದವರ ಪಟ್ಟಿಯನ್ನು ಮಾರ್ಕೆತ್ತಾ ನನ್ನ ಕೈಗಿತ್ತಳು.
ಏನು ಹೇಳಲಿ, ಎಂದೆ.
ನಿನಗೆ ಅವನೇನು ಹೇಳಿದ್ದ, ಎಂದಳು.

ಆರು ಸಲ ಹೊಡೆದುಕೊಂಡಿತು.
ಆ ಕಡೆಯ ಪರದೆ ನನಗೆ ಗೊತ್ತು,
ಹಾಸಿಗೆಯಿಂದ ಫೋನಿಗಿರುವ ಮೈಲಿಗಳೂ ಗೊತ್ತು.
‘ಇಲ್ಲಿ ಪಿಹ್ಲಾ. ಇವತ್ತು ಬಟಾಣಿ ಸಾರು.’
ಉಪ್ಪು ಹದವಾಗಿತ್ತು. ಸುಳ್ಳು ಹೇಳಲೇ ಅನ್ನಿಸಿತು.
‘ಉಪ್ಪು ಸರಿಯಾಗಿದೆ’ ಎಂದು ಇಟ್ಟುಬಿಟ್ಟೆ.

ಇಂದು ಬುಧವಾರ. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿದೆ.
ಹದಿನೈದು ಜನಕ್ಕೆ ಅಳೆದು ಸುರಿದೆ, ನೀರು ಬಿಟ್ಟೆ,
ಮೇಲೊಂದು ಹಿಡಿ.
ದೀಪ ಆರಿಸಿ ಬೀಗ ಹಾಕುವ ಮೊದಲು
ಬಕೆಟ್ಟಿಗೆ ಕಿವಿಯಿಟ್ಟರೆ ಕೇಳುತ್ತದೆ,
ಸಣ್ಣಗೆ, ಟಿಕ್, ಟಿಕ್,
ಗಟ್ಟಿ ಕಾಳುಗಳು ನೆನೆಯುವ ಸದ್ದು.
ಯಾರನ್ನು, ಎಂದು ನಾನು ಕೇಳಲಿಲ್ಲ.